ಮಾವನ ‘ಹೂಂ’ ಯಾರ ಸಾರಿಗೆ

ಒಲೆ ಒಂದು, ಸೊಸೆಯರು ಇಬ್ಬರು ಅಂತಿರೋ ಮನೇಲಿ ನಗೋ ಅಂಥದ್ದು ಏನಾದರೊಂದು ನಡೀತಲೇ ಇರುತ್ತೆ. ಆದರೆ ನಡೆಯೋ ಹೊತ್ತಿನಲ್ಲಿ ನಗು ಬರೋದಿಲ್ಲ, ಹೊಟ್ಟೆ ಉರಿಯುತ್ತೆ. ನನಗೆ ನಗು ಬರೋ ಹೊತ್ತಿಗೆ ಮೊಮ್ಮಕ್ಕಳೇ ಬಂದುಬಿಟ್ಟಿದ್ದವು.

ನನ್ನ ತವರು ಗುಂಡ್ಲುಪೇಟೆ ಪಕ್ಕ, ಈರುಳ್ಳಿ ಬೆಳೆಯೋ ಊರು. ಕೊಟ್ಟಿದ್ದು ಚಾಮರಾಜನಗರದಿಂದ ಸಂತೆಮರಹಳ್ಳಿಗೆ ಹೋಗೋ ದಾರೀಲಿ, ಅರಿಶಿನ ಬೆಳೆಯೋ ಮನೆಗೆ. ಆಗಿನ್ನೂ ಅಂಗಡೀಲಿ ಕೇಜಿ ಬಂದಿರಲಿಲ್ಲ, ಸೇರು ಪಾವಿನ ಕಾಲ. ಮನೇಲಿ ಮಾವ, ಅತ್ತೆ, ಭಾವ, ನಮ್ಮ ಯಜಮಾನರು, ಮದುವೆಯಾಗದ ಒಬ್ಬಳು ನಾದಿನಿ. ಮತ್ತೆ ಭಾವನ ಹೆಂಡತಿ, ಅಂದರೆ ನನಗಿಂತ ಮುಂಚೆ ಆ ಹೊಸ್ತಿಲು ತುಳಿದ ನನ್ನ ವಾರಗಿತ್ತಿ. ಅವಳ ತವರು ಸಂತೆಮರಹಳ್ಳಿ. ಬಾಯಲ್ಲಿ ನಾನು ಅವಳನ್ನ ಅಕ್ಕ ಅಂತಿದ್ದೆ. ಮನಸ್ಸಲ್ಲಿ ಏನಂತಿದ್ದೆ ಅನ್ನೋದು ಬೇಡ ಬುಡಿ.

ಆ ಮನೇಲಿ ಒಂದು ಕಟ್ಟಳೆ ಇತ್ತು. ಅಡುಗೆ ಮಾಡಿದೋಳು ರುಚಿ ನೋಡೋ ಹಾಗಿಲ್ಲ. ಹಿರಿಯರ ಬಾಯಿಗೆ ಹೋಗೋಕೆ ಮುಂಚೆ ನಾಲಿಗೆ ಮೇಲೆ ಇಟ್ಟುಕೊಂಡರೆ ಮಡಕೆಯೆಲ್ಲ ಎಂಜಲು. ಹಾಗಾಗಿ ಉಪ್ಪು ಕಮ್ಮಿಯೋ ಜಾಸ್ತಿಯೋ, ಹುಳಿ ಸಾಕೋ ಬೇಕೋ, ಮಾವ ಉಂಡ ಮೇಲೇ ಗೊತ್ತಾಗಬೇಕು. ಮಾವನೋ ಮಾತೇ ಆಡದ ಮನುಷ್ಯ. ಸಾರು ಚೆನ್ನಾಗಿದ್ದರೆ ‘ಹೂಂ’ ಅನ್ನೋರು. ಇಲ್ಲದಿದ್ದರೆ ಸುಮ್ಮನೆ ಉಂಡು, ಕೈ ತೊಳೆದು, ಜಗಲಿಗೆ ಹೋಗೋರು. ಯಾರ ಸಾರಿಗೆ ‘ಹೂಂ’ ಬರುತ್ತೋ ಅವಳಿಗೆ ಹಬ್ಬಕ್ಕೆ, ನೆಂಟರು ಬಂದಾಗ ಸಾರಿನ ಮಡಕೆ. ಇನ್ನೊಬ್ಬಳಿಗೆ ರಾಗಿಹಿಟ್ಟು ತೊಳಸೋ, ಅಂದರೆ ಕೋಲಲ್ಲಿ ತಿರುವಿ ಮುದ್ದೆ ಮಾಡೋ ಕೆಲಸ. ಸಾರನ್ನ ಹೊಗಳಿದೋರು ಬೇಕಾದಷ್ಟು ಜನ ಇದ್ದಾರೆ, ಹಿಟ್ಟು ಏನು ಚೆಂದ ಬೆಂದದೆ ಅಂದೋರನ್ನ ನಾನಂತೂ ಕಾಣೆ. ಗಂಟಾದರೆ ಮಾತ್ರ ಬೈತಾರೆ.

ನಾನು ಆ ಮನೆಗೆ ಬಂದಾಗಿಂದ ಹಿಟ್ಟು ತೊಳಸುತ್ತಲೇ ಇದ್ದೆ.

೧. ಹೊರಗೆ ಕೂತು ಮಾಡಿದ ಸಾರು

ತಿಂಗಳಿಗೊಂದು ಸಲ ಅಕ್ಕ ಹೊರಗೆ ಕೂರೋಳು, ಆ ಮೂರು ದಿನ ಒಲೆ ನನ್ನದು. ಆ ದಿನಗಳಿಗೆ ನಾನು ಹಬ್ಬಕ್ಕೆ ಕಾದಂಗೆ ಕಾಯ್ತಿದ್ದೆ. ಒಂದು ಸಲ ಉಪ್ಪುಸಾರಿಗೆ ಇಟ್ಟೆ. ಹೊಲದ ಬದುವಿನಿಂದ ನಾನೇ ಕಿತ್ತು ತಂದ ಎಳೇ ದಂಟಿನ ಸೊಪ್ಪು, ನೆನೆಸಿದ ಅಲಸಂದೆ ಕಾಳು. ಕಾಳು ಅರ್ಧ ಬೆಂದ ಮೇಲೆ ಸೊಪ್ಪು ಹಾಕಿ, ಬೇಯಿಸಿ, ನೀರು ಬಸಿದಿಟ್ಟುಕೊಂಡೆ. ಇನ್ನು ಖಾರ. ಹಸಿಮೆಣಸಿನಕಾಯಿ ಬಾಡಿಸಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಉಪ್ಪು, ಇಷ್ಟೇ ಇಷ್ಟು ಹುಣಿಸೆಹಣ್ಣು ಇಟ್ಟು ಒರಳಲ್ಲಿ ಅರೆಯೋದು. ಅದರಲ್ಲೇ ಇರೋದು ಎಲ್ಲ.

ಅಕ್ಕ ಕೂತಿದ್ದದ್ದು ಕೊಟ್ಟಿಗೆ ಪಕ್ಕದ ಜಗಲೀಲಿ. ಅಡುಗೆಮನೆ ಹೊಗೆ ಕಿಂಡಿಯಿಂದ ನೆಟ್ಟಗೆ ಅವಳ ಮೂಗಿಗೇ ಹೋಗೋದು. ನಾನು ಜೀರಿಗೆ ಹುರಿಯೋಕೆ ಹಾಕಿದ್ದೇ ತಡ, ಆಚೆಯಿಂದ ಅವಳ ದನಿ ಬಂತು.

“ಅಮ್ಮೀ, ಜೀರಿಗೆ ಸೀಯ್ತಾ ಅದ. ಇಳಿಸು.”

ನಾನು ಇಳಿಸ್ತಾನೇ ಇದ್ದೆ ಕಣ್ರಪ್ಪ. ಆದರೂ ಅವಳು ಹೇಳಿದ ಮೇಲೆ ಇಳಿಸಿದಂಗಾಯ್ತು. ಬೆಳ್ಳುಳ್ಳಿ ಬಿಡಿಸಿ ಒರಳಿಗೆ ಹಾಕಿದೆ. ಬೆಳ್ಳುಳ್ಳಿ ಹಾಕು ಅಂದಳು. ಹುಣಿಸೆಹಣ್ಣು ಕೈಲಿ ಹಿಡಿದಿದ್ದೆ. ಹುಣಿಸೆ ಮರೀಬೇಡ ಅಂದಳು. ನನಗೆ ರೇಗಿಹೋಗಿ ಅವಳು ಬಾಯಿ ಬಿಡೋಕೆ ಮುಂಚೆಯೇ ಎಲ್ಲ ಮುಗಿಸಬೇಕು ಅಂತ ಗಡಗಡ ಅರೆಯೋಕೆ ಕೂತೆ. ಮೆತ್ತಗೆ ಅರಿ ಕಣಮ್ಮಿ, ಯಾರೂ ಓಡಿಸ್ಕೊಂಡು ಬತ್ತಿಲ್ಲ ಅಂದಳು.

ಅಕ್ಕನ ಕೂಗೆಲ್ಲ ಕೇಳಿಸಿಕೊಂಡಿದ್ದ ಮಾವ ಊಟಕ್ಕೆ ಕೂತರು. ಹಿಟ್ಟು ಮುರಿದು, ಸಾರಲ್ಲಿ ಅದ್ದಿ, ನುಂಗಿ, ‘ಹೂಂ’ ಅಂದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಜುಮ್ ಅಂತು. ಅತ್ತೆ ಎದ್ದು ಬರೋದು ಕಂಡು, ನನ್ನನ್ನ ಹೊಗಳೋಕೇ ಬತ್ತಾ ಅವರೆ ಅಂತ ಸೆರಗು ಸರಿ ಮಾಡಿಕೊಂಡೆ. ಅತ್ತೆ ನನ್ನ ಪಕ್ಕದಲ್ಲೇ ಹಾಯ್ದು, ಕಿಂಡಿಗೆ ಮುಖ ಕೊಟ್ಟು ಕೂಗಿ ಹೇಳಿದರು.

“ಕೇಳಿಸ್ತೇನಮ್ಮಿ, ನಿನ್ನ ಸಾರಿಗೆ ಹೂಂ ಅಂದ್ರು.”

೨. ಅರಿಶಿನದ ಸಾಬರು

ಅರಿಶಿನ ಬೇಯಿಸಿ ಒಣಗಿ ಹಾಕಿದ ಕಾಲಕ್ಕೆ ಚಾಮರಾಜನಗರದಿಂದ ಒಬ್ಬ ಸಾಬರು ವ್ಯಾಪಾರಕ್ಕೆ ಬರೋರು. ಮಾವನ ಹಳೇ ಸ್ನೇಹ. ಜಗಲಿ ಮೇಲೆ ಎಲೆ ಹಾಕಿ ಬಡಿಸಿದರೆ ಮನೆಯವರ ಹಾಗೇ ಉಂಡು ಹೋಗೋರು. ಆ ವರ್ಷ ಅವರು ಬಂದ ದಿನ ಅಕ್ಕನದು ಹುರುಳಿಕಾಳಿನ ಸಾರು, ನನ್ನದು ಅಂತ ಒಂದು ಸಣ್ಣ ಮಡಕೇಲಿ ತೊಗರಿಬೇಳೆ ಮಸ್ಸೊಪ್ಪು. ಮಸ್ಸೊಪ್ಪು ಯಾಕೆ ಅಂದರೆ, ನಮ್ಮ ಯಜಮಾನರಿಗೆ ಹಿಂದಿನ ದಿನ ಹೊಟ್ಟೆನೋವು ಅಂತ ಮಾಡಿದ್ದೆ.

ಸಾಬರು ಹುರುಳಿ ಸಾರನ್ನ ಬೆರಳ ತುದಿಯಲ್ಲಿ ಮುಟ್ಟಿ ಬಿಟ್ಟುಬಿಟ್ಟರು. ಮಸ್ಸೊಪ್ಪಿಗೆ ಕೈ ಹಾಕಿದೋರು ಬಿಡಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡರು, ಮತ್ತೊಂದು ಸಲ ಹಾಕಿಸಿಕೊಂಡರು. ಕಡೆಗೆ ಮಡಕೆ ಬಳಿದು ಹಾಕಿದೆ. ಅಕ್ಕನ ಮುಖ ಸಣ್ಣಗಾಯ್ತು. ನಾನು ಬೇಕು ಅಂತಲೇ ಬಳಿಯೋ ಸದ್ದು ಜೋರಾಗಿ ಮಾಡಿದೆ.

ಸಾಬರು ಎಲೆ ಮಡಿಸಿ, ಎದೆ ಮೇಲೆ ಕೈ ಇಟ್ಟುಕೊಂಡು ಮಾವನಿಗೆ ಹೇಳಿದರು. “ಯಜಮಾನ್ರೇ, ನನಗೆ ಹೊಟ್ಟೇಲಿ ಹುಣ್ಣಾಗಿದೆ. ಉಪ್ಪು ಖಾರ ಏನೂ ಹತ್ತದೇ ಇರೋ ಅಡುಗೆ ತಿನ್ನಬೇಕು ಅಂತ ಡಾಕ್ಟರು ಹೇಳಿದಾರೆ. ಎಲ್ಲೂ ಸಿಕ್ಕಿರಲಿಲ್ಲ, ಇವತ್ತು ನಿಮ್ಮ ಚಿಕ್ಕ ಸೊಸೆ ಕೈಲಿ ಸಿಕ್ತು.”

೩. ನಮ್ಮವ್ವ ಯಾರ ಕಡೆ

ಇದು ನನ್ನೊಬ್ಬಳ ಕೈಲಿ ಆಗೋ ಕೆಲಸ ಅಲ್ಲ ಅಂತ ನಮ್ಮವ್ವನಿಗೆ ಹೇಳಿಕಳಿಸಿದೆ. ನಮ್ಮವ್ವನ ಕೈಗುಣ ಅಂದರೆ ನಮ್ಮೂರಲ್ಲೇ ಹೆಸರು. ಅವಳೇ ಬಂದು ಎರಡು ದಿನ ಇದ್ದು, ಒಲೆ ಮುಂದೆ ಕೂತು, ಈ ಮನೆಯವರಿಗೆ ಸಾರು ಅಂದರೆ ಏನು ಅಂತ ತೋರಿಸಿ ಹೋಗಲಿ ಅಂತ ನನ್ನ ಆಸೆ. ಬೀಗಿತ್ತಿ ಮಾಡಿದ್ದನ್ನ ಚೆನ್ನಾಗಿಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ಅವ್ವ ಗುಂಡ್ಲುಪೇಟೆಯಿಂದ ಈರುಳ್ಳಿ ಲಾರೀಲಿ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು, ತಲೆ ಮೇಲೆ ಕುಕ್ಕೆ ಹೊತ್ತುಕೊಂಡು ಬಂದಳು. ಬಂದ ಹೊತ್ತಿಗೆ ಗಂಡಸರ ಊಟ ಆಗಿತ್ತು. ಹಸಿದು ಬಂದವಳೆ ಅಂತ ಅತ್ತೆ ತಟ್ಟೆ ಹಾಕಿ ಕೂರಿಸಿದರು. ಬಡಿಸಿದ್ದು ಅಕ್ಕ, ಅವಳದೇ ಹುರುಳಿಕಾಳಿನ ಬಸ್ಸಾರು.

ನಾನು ಅವ್ವನ ಎದುರಿಗೇ ಕೂತು, ಹುಬ್ಬು ಕುಣಿಸಿ, ಚೆನ್ನಾಗಿಲ್ಲ ಅನ್ನು ಅಂತ ಸನ್ನೆ ಮಾಡ್ತಾ ಇದ್ದೆ. ಅವ್ವ ನನ್ನ ಕಡೆ ನೋಡಿದರೆ ತಾನೆ. ಒಂದು ಮುದ್ದೆ ಆಯ್ತು, ಇನ್ನರ್ಧ ಹಾಕಿಸಿಕೊಂಡಳು. ಕಡೆಗೆ ತಟ್ಟೆ ಎತ್ತಿ ಸೊರ್ ಅಂತ ಕುಡಿದು, ಅಕ್ಕನ ಕೈ ಹಿಡಿದುಕೊಂಡು, ಹೆಂಗೆ ಮಾಡ್ದೆ ಮಗಳೇ, ನಂಗೂ ಒಸಿ ಹೇಳ್ಕೊಡು ಅಂದಳು.

ಮಗಳೇ ಅಂತೆ. ಹೆತ್ತಿದ್ದು ನನ್ನ.

ಎರಡು ದಿನ ಇದ್ದಳಲ್ಲ, ಆ ಎರಡು ದಿನವೂ ಅವ್ವ ಒಲೆ ಮುಂದೆ ಕೂತಿದ್ದೇನೋ ನಿಜ. ಅಕ್ಕ ಮಾಡೋದನ್ನ ನೋಡ್ತಾ ಕೂತಿದ್ದಳು. ಹೊರಡೋ ದಿನ ಬಸ್ಸು ಹತ್ತೋ ಮುಂಚೆ ನನ್ನ ತಬ್ಬಿಕೊಂಡು ಗಳಗಳ ಅತ್ತಳು. ನನ್ನ ಸಂಕಟ ಈಗಲಾದರೂ ಅರ್ಥ ಆಯ್ತಲ್ಲ ಅಂತ ನಾನೂ ಅತ್ತುಬಿಟ್ಟೆ. ಅವ್ವ ಕಣ್ಣೊರೆಸಿಕೊಂಡು ನನ್ನ ಕಿವೀಲಿ ಹೇಳಿದ್ದು ಇಷ್ಟು.

“ಆ ಉಡುಗಿ ಕೈಕೆಳಗೆ ಸಿಕ್ಕಿದ್ದು ನಿನ್ನ ಪುಣ್ಯ ಕಣಮ್ಮಿ. ನೋಡಿ ಕಲ್ತುಕೊ.”

೪. ಸುಟ್ಟ ಈರುಳ್ಳಿ

ಅವ್ವ ಕೇಳಿದ್ದಕ್ಕೆ ಅಕ್ಕ ಬಸ್ಸಾರು ಮಾಡೋದನ್ನ ಹೇಳಿಕೊಟ್ಟಳು, ಅದರಲ್ಲೊಂದು ಸಂಗತಿ ಇದೆ. ಅದನ್ನ ಅಕ್ಕನೇ ನನಗೆ ಹೇಳಿದ್ದು, ನಮ್ಮಿಬ್ಬರ ತಲೆಯೂ ಬೆಳ್ಳಗಾದ ಮೇಲೆ.

ಅವಳ ಸಾರಿನ ಗುಟ್ಟೆಲ್ಲ ಇದ್ದದ್ದು ಒಂದು ಈರುಳ್ಳೀಲಿ. ಸಿಪ್ಪೆ ಸಮೇತ ಕೆಂಡದಲ್ಲಿ ಹೂತು, ಕರ್ರಗೆ ಸುಟ್ಟು, ಸಿಪ್ಪೆ ಬಿಡಿಸಿ ಖಾರದ ಜೊತೆ ಅರೀತಿದ್ದಳು. ಯಾರೂ ಇಲ್ಲದ ಹೊತ್ತು ನೋಡಿ ಸುಡೋಳು. ನಮ್ಮವ್ವನಿಗೆ ಎಲ್ಲ ಹೇಳಿದಳು. ಹುರುಳಿ ಎಷ್ಟು ಹೊತ್ತು ಬೇಯಬೇಕು, ಬಸಿದ ನೀರು ಎಷ್ಟಿರಬೇಕು, ಬೆಂದ ಕಾಳಲ್ಲಿ ಒಂದು ಹಿಡಿ ತೆಗೆದು ಕಾಯಿತುರಿ ಜೊತೆ ಅರೀಬೇಕು, ಎಲ್ಲ. ಈರುಳ್ಳಿ ಒಂದನ್ನ ಮಾತ್ರ ನುಂಗಿಕೊಂಡಳು. ಬೀಗಿತ್ತಿ ತನಗಿಂತ ಚೆನ್ನಾಗಿ ಮಾಡಿಬಿಟ್ಟರೆ ಅನ್ನೋ ಭಯ.

ನನಗೆ ಮೊದಲ ಮಗು ಆದಾಗ ಹೆಸರಿಡೋಕೆ ಅಂತ ಇವರೆಲ್ಲ ನನ್ನ ತವರಿಗೆ ಬಂದರು. ಅವ್ವ ಬೇಕು ಅಂತಲೇ ಅದೇ ಬಸ್ಸಾರು ಮಾಡಿ ಬಡಿಸಿದಳು. ಅಕ್ಕ ಮೊದಲ ತುತ್ತು ಬಾಯಿಗಿಟ್ಟೋಳು ಹಾಗೇ ಕೈ ನಿಲ್ಲಿಸಿಬಿಟ್ಟಳು. ಮುಳ್ಳು ಸಿಕ್ಕಿಕೊಂಡೋರ ಹಾಗೆ ಕಣ್ಣು ಬಿಟ್ಟಳು. ಸಾರು ಅವಳದೇ. ಸುಟ್ಟ ವಾಸನೆ ಸಮೇತ ಅವಳದೇ.

ಪಾಪ, ಕೇಳೋ ಹಾಗೂ ಇಲ್ಲ. ಈರುಳ್ಳಿ ಯಾಕೆ ಹಾಕಿದ್ರಿ ಅಂದರೆ ತಾನು ಹೇಳಿಲ್ಲ ಅನ್ನೋದು ಬಯಲಾಗುತ್ತೆ. ಸುತ್ತಿ ಬಳಸಿ ಕೇಳಿದಳು. ನೀವೇನಾದ್ರೂ ಬೇರೆ ಆಕಿದ್ರಾ ಅತ್ತೆಮ್ಮ, ಏನೋ ಒಂಥರಾ ಚೆಂದಾಗದ ಅಂದಳು. ನಮ್ಮವ್ವ ಮುಗ್ಧೆ. ಇಲ್ಲ ಮಗಳೇ, ನೀ ಹೇಳಿಕೊಟ್ಟಂಗೇ ಮಾಡಿದ್ದು, ಒಂದು ಚೂರೂ ಈಚೆ ಆಚೆ ಮಾಡಿಲ್ಲ ಅಂದಳು.

ಅವ್ವ ಸುಳ್ಳು ಹೇಳಲಿಲ್ಲ ಕಣ್ರಪ್ಪ. ನಮ್ಮ ಸೀಮೇಲಿ ಉಪ್ಪು ಹಾಕು ಅಂತ ಹೇಳ್ತಾರೆಯೇ ಹೊರತು ಈರುಳ್ಳಿ ಹಾಕು ಅಂತ ಯಾರೂ ಹೇಳೋದಿಲ್ಲ. ಮನೆ ಮೂಲೆಮೂಲೇಲಿ ಗುಡ್ಡೆ ಬಿದ್ದಿರುತ್ತೆ. ಒಲೆ ಹಚ್ಚಿದರೆ ಕೈ ತಾನೇ ಹೋಗಿ ಒಂದನ್ನ ಕೆಂಡಕ್ಕೆ ಹಾಕುತ್ತೆ. ಅವಳ ಲೆಕ್ಕದಲ್ಲಿ ಅದು ಹೇಳೋ ಮಾತೇ ಅಲ್ಲ.

ವಾಪಸು ಹೊರಟ ಅಕ್ಕ ಬಸ್ಸು ಹತ್ತೋವಾಗ ಒಂದೇ ಮಾತು ಅಂದಳು.

“ನಿಮ್ಮವ್ವ ಬಲೇ ಕಳ್ಳಿ ಕಣಮ್ಮಿ.”

೫. ಎಣ್ಣೆಸ್ನಾನದ ದಿನ

ನಾದಿನಿಗೆ ಗಂಡು ಗೊತ್ತಾಗೋ ಹಾಗಿತ್ತು. ಗುಂಡ್ಲುಪೇಟೆ ಕಡೆಯೋರು, ನನ್ನ ತವರಿಗೆ ಬೇಕಾದೋರು. ಬರೋ ಶುಕ್ರವಾರ ಹೆಣ್ಣು ನೋಡೋಕೆ ಬರ್ತಾರೆ, ಊಟ ನಮ್ಮಲ್ಲೇ ಅಂತ ಆಯ್ತು. ನಮ್ಮೂರೋರ ಮುಂದೆ ನಾನು ಮೂಲೇಲಿ ಹಿಟ್ಟು ತೊಳಸ್ತಾ ನಿಂತಿದ್ದರೆ, ಇಷ್ಟು ವರ್ಷವಾದರೂ ಆ ಮನೇಲಿ ಅವಳ ಕೈಗೆ ಸೌಟು ಕೊಟ್ಟಿಲ್ಲ ಅಂತ ಊರೆಲ್ಲ ಆಡಿಕೊಳ್ಳೋದಿಲ್ವೆ? ಅತ್ತೆ ಕಾಲಿಗೆ ಬೀಳೋದೊಂದು ಬಾಕಿ. ಈ ಸಲ ಸಾರು ನಾನು ಮಾಡ್ತೀನಿ ಅಂತ ಕೇಳೇ ಕೇಳಿದೆ. ಅಕ್ಕ ಸುಮ್ಮನಿರ್ತಾಳಾ. ಗಂಡಿನ ಕಡೆಯೋರ ಮುಂದೆ ಪರೀಕ್ಷೆ ಮಾಡದು ಬ್ಯಾಡ ಅತ್ತೆ, ನಾಳೆ ನಮ್ಮ ಉಡುಗಿ ಗತಿಯೇನು ಅಂದಳು.

ಅತ್ತೆ ತೀರ್ಮಾನ ಹೇಳಿದರು. ನಾಳೆ ಇಬ್ಬರೂ ಬಸ್ಸಾರು ಮಾಡಿ. ಯಾರದಕ್ಕೆ ಮಾವ ಹೂಂ ಅಂತಾರೋ ಶುಕ್ರವಾರ ಅವಳದೇ ಮಡಕೆ. ಆಮೇಲೆ ಯಾರೂ ಮೂತಿ ಊದಿಸೋ ಹಾಗಿಲ್ಲ.

ಮಾರನೇ ದಿನ ಮನೇಲಿ ಎಣ್ಣೆಸ್ನಾನ. ಬಚ್ಚಲಲ್ಲಿ ಹಂಡೆ ಕಾಯ್ತಾ ಇತ್ತು. ಒಲೆ ಪಕ್ಕದಲ್ಲಿ ಸಾಲಾಗಿ ಮೂರು ಮಡಕೆ. ಒಂದು ನನ್ನದು, ಒಂದು ಅಕ್ಕನದು. ಇನ್ನೊಂದರಲ್ಲಿ ತಲೆಗೆ ಹಚ್ಚಿಕೊಳ್ಳೋಕೆ ಅಂತ ಗಂಜಿನೀರಲ್ಲಿ ಕಲಸಿಟ್ಟಿದ್ದ ಸೀಗೆಪುಡಿ. ಕಲಸಿಟ್ಟೋಳು ಅಕ್ಕ. ಹುರುಳಿ ಬಸ್ಸಾರಿಗೂ ಸೀಗೆನೀರಿಗೂ ಬಣ್ಣದಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ. ಅದರಲ್ಲೂ ಆ ಕತ್ತಲೆ ಅಡುಗೆಮನೇಲಿ, ಹಸಿ ಸೌದೆ ಹೊಗೇಲಿ.

ಪಕ್ಷಪಾತ ಆಗಬಾರದು ಅಂತ ಅತ್ತೆಯೇ ಬಡಿಸೋಕೆ ನಿಂತರು. ನಾವಿಬ್ಬರೂ ಬಾಗಿಲ ಹಿಂದೆ. ಮೊದಲು ನನ್ನ ಸಾರು ತಂದು, ಇದು ಚಿಕ್ಕವಳದು ಅಂದರು. ಮಾವ ಅರ್ಧ ಮುದ್ದೆ ಉಂಡರು. ಸದ್ದಿಲ್ಲ. ಅತ್ತೆ ಒಳಗೆ ಹೋಗಿ, ಹೊಗೆಗೆ ಕಣ್ಣುಜ್ಜಿಕೊಂಡು ಇನ್ನೊಂದು ಸೌಟು ತಂದು, ಇದು ದೊಡ್ಡವಳದು ಅಂತ ಬಿಟ್ಟರು. ಮಾವ ಅದ್ದಿದರು, ನುಂಗಿದರು.

“ಹೂಂ.”

ಬರೀ ಹೂಂ ಅಲ್ಲ, ಎಳೆದು ಉದ್ದಕ್ಕೆ ಅಂದ ಹೂಂ. ನನಗೆ ನೆಲವೇ ಬಿರೀಬಾರದೆ ಅನ್ನಿಸ್ತು. ಅಕ್ಕ ನನ್ನ ಕಡೆ ಒಂದು ನೋಟ ನೋಡಿ, ಇನ್ನೊಂದು ಸೌಟು ಬಡಿಸೋಣ ಅಂತ ಕುಣೀತಾ ಒಳಗೆ ಹೋದಳು. ಹೋದ ಹಾಗೇ ವಾಪಸು ಬಂದಳು. ಕೈಲಿ ಸೌಟು ಇಲ್ಲ, ಮುಖದಲ್ಲಿ ರಕ್ತ ಇಲ್ಲ. ನಾನೇ ಹೋಗಿ ನೋಡಿದೆ. ಅವಳ ಸಾರಿನ ಮಡಕೆಗೆ ಕವುಚಿದ ತಟ್ಟೆ ಕದಲೇ ಇಲ್ಲ. ಸೌಟು ಇದ್ದದ್ದು ಸೀಗೆ ಮಡಕೇಲಿ.

ಬಾಗಿಲಿಗೆ ಬಂದು ನೋಡ್ತೀನಿ, ಮಾವನ ಮೀಸೆ ತುದೀಲಿ ಬೆಳ್ಳಗೆ ನೊರೆ. ಇನ್ನೊಂದು ತುತ್ತು ಹೋಯ್ತು. ನೊರೆ ಇನ್ನೂ ಒಂದಿಷ್ಟು ಬಂತು.

ಅಕ್ಕನ ಸಂಕಟ ಯಾರಿಗೂ ಬೇಡ. ಬಾಯಿ ಬಿಟ್ಟರೆ ಹೂಂ ಹೋಗುತ್ತೆ, ಬಿಡದಿದ್ದರೆ ಮಾವ ಹೋಗ್ತಾರೆ. ಸಾಕು ಬುಡಿ ಮಾವ, ಜಾಸ್ತಿ ಆದ್ರೆ ಅರಗದಿಲ್ಲ ಅಂದಳು. ಮಾವ ತಟ್ಟೆ ಮುಂದಕ್ಕೆ ಚಾಚಿ, ಚೆಂದಾಗದ ಕಣವ್ವ, ಇನ್ನೊಂದು ಸೌಟು ಬುಡು ಅಂದರು. ಅವಳು ನನ್ನ ಕಡೆ ನೋಡಿದಳು. ನಾನು ಛಾವಣಿ ಕಡೆ ನೋಡಿದೆ. ಕಡೆಗೆ ಅಳೋ ದನೀಲಿ ಹೇಳಿಯೇ ಬಿಟ್ಟಳು.

“ಮಾವ, ಅದು ಸಾರಲ್ಲ, ಸೀಗೆ.”

ಅತ್ತೆ ಕೈಲಿದ್ದ ಚೊಂಬು ಬಿತ್ತು. ಮಾವ ಮಾತ್ರ ಬೆಚ್ಚಲಿಲ್ಲ. ತಟ್ಟೇನ ಒಂದು ಸಲ ನೋಡಿ, ಮೀಸೆ ಒರೆಸಿಕೊಂಡು, ಯಾವತ್ತೂ ಆಡದಷ್ಟು ಮಾತಾಡಿದರು. ನಾನು ಆ ಮನೆಗೆ ಬರೋಕೆ ಮುಂಚೆ ಅವರಿಗೆ ಒಂದು ದೊಡ್ಡ ಜ್ವರ ಬಂದಿತ್ತಂತೆ. ಆಗಿಂದ ಮೂಗಿಗೆ ವಾಸನೆ ಇಲ್ಲ, ನಾಲಿಗೆಗೆ ರುಚಿ ಇಲ್ಲ. ಹೇಳಿದರೆ ನೀವೆಲ್ಲ ನಂಗೆ ತಂಗಳನ್ನೇ ಆಕ್ತಿದ್ರಿ, ಅದಕ್ಕೇ ಸುಮ್ನಿದ್ದೆ ಅಂದರು.

ಮಾವನ ಎದುರಿಗೆ ನಾನು ಅದುವರೆಗೂ ತಲೆ ಎತ್ತಿದೋಳಲ್ಲ. ಆವತ್ತು ಬಾಗಿಲ ಹಿಂದಿಂದ ಈಚೆಗೆ ಬಂದುಬಿಟ್ಟೆ.

“ರುಚಿಯೇ ಗೊತ್ತಾಗದಿದ್ರೆ, ಯಾವಾಗ್ಲೂ ಅಕ್ಕಂಗೇ ಯಾಕೆ ಮಾವ ಹೂಂ ಅಂದದ್ದು? ನಂಗೊಂದಿನ ಅಂದಿದ್ರೆ ಏನು ಹೋಗ್ತಿತ್ತು?”

ಮಾವ ಬಹಳ ಸಮಾಧಾನವಾಗಿ ತಿಳಿಸಿ ಹೇಳಿದರು. “ಅವಳಿಗೆ ಹೂಂ ಅನ್ನದಿದ್ರೆ ಮುನಿಸ್ಕೊಂಡು ತವರಿಗೆ ಓಯ್ತಾಳೆ ಕಣವ್ವ. ಸಂತೆಮರಹಳ್ಳಿ ಇಲ್ಲೇ ಅದ, ನಡ್ಕೊಂಡೇ ಓಯ್ತಾಳೆ. ಆಮೇಲೆ ಗಾಡಿ ಕಟ್ಕೊಂಡು ಓಗಿ ಕರ್ಕೊಂಡು ಬರದು ಯಾರು? ನಿನ್ನ ತವರು ದೂರ. ನೀ ಎಲ್ಗೂ ಓಗದಿಲ್ಲ ಅಂತ ಒಂದು ಧೈರ್ಯ.”

ಅಲ್ಲಿಗೆ ಇಷ್ಟು ವರ್ಷ ನಾನು ಸೋತಿದ್ದು ಸಾರಿಗಲ್ಲ, ಬಸ್ಸಿನ ದಾರಿಗೆ.

ಶುಕ್ರವಾರದ ಮಡಕೆ ನನಗೆ ಬಂತು. ಅತ್ತೆ ನ್ಯಾಯ ಹೇಳಿಬಿಟ್ಟರು: ದೊಡ್ಡವಳ ಸಾರು ಪರೀಕ್ಷೆಗೇ ಕೂತಿಲ್ಲ, ಚಿಕ್ಕವಳು ಮಾಡ್ಲಿ. ಕೋಳಿ ಕೂಗೋ ಮುಂಚೆ ಎದ್ದು ಹುರುಳಿ ಇಟ್ಟೆ. ಅಕ್ಕ ಮೂಲೇಲಿ ಹಿಟ್ಟು ತೊಳಸೋಕೆ ನಿಂತಳು. ಕೋಲು ಹಿಡಿದು ಅಭ್ಯಾಸ ಇಲ್ಲ, ಬೆವರು ಸುರಿಸ್ತಾ ಇದ್ದಳು. ಗಂಟಾಗ್ತಾ ಅದ ಅಕ್ಕ, ಒಸಿ ಬಿರ್ರನೆ ತಿರುವಿ ಅಂತ ನಾನು ಒಲೆ ಮುಂದಿಂದಲೇ ಹೇಳ್ತಾ ಇದ್ದೆ. ಅಷ್ಟು ಸುಖ ನನಗೆ ಮದುವೆ ದಿನವೂ ಆಗಿರಲಿಲ್ಲ.

ಗಂಡಿನ ಕಡೆಯೋರು ಬಂದರು, ಕೂತರು, ಉಂಡರು. ಗಂಡಿನ ಅಪ್ಪ ಬೇಡ ಬೇಡ ಅಂತಲೇ ಸಾರಿಗೆ ಮೂರು ಸಲ ತಟ್ಟೆ ಒಡ್ಡಿದರು. ಹೆಣ್ಣು ಒಪ್ಪಿಗೆ ಅನ್ನೋ ಮಾತು ಕೈ ತೊಳೆಯೋಕೆ ಮುಂಚೆಯೇ ಬಂತು. ಆಗ ಮಾವ ಪಂಕ್ತಿಯಲ್ಲಿ ಎಲ್ಲರಿಗೂ ಕೇಳೋ ಹಾಗೆ, ಸಾರು ಮಾಡಿದ್ದು ನಮ್ಮ ಚಿಕ್ಕ ಸೊಸೆ, ನಿಮ್ಮ ಸೀಮೆ ಉಡುಗಿ ಅಂದರು. ಅಂದು, ಒಂದು ತುತ್ತು ಅದ್ದಿ, ನುಂಗಿ, ನನ್ನ ಕಡೆ ತಿರುಗಿ, ‘ಹೂಂ’ ಅಂದರು.

ಆ ನಾಲಿಗೆಗೆ ಏನೂ ಗೊತ್ತಾಗೋದಿಲ್ಲ ಅಂತ ನನಗೆ ಗೊತ್ತು. ಆದರೂ ಸೆರಗಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಬಂದೆ. ಅಕ್ಕ ಹಿಟ್ಟಿನ ಕೋಲು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಂದು ಒಳ್ಳೇ ಮಾತು ಆಡ್ತಾಳೇನೋ ಅಂತ ನಾನೂ ನಿಂತೆ.

ಅಕ್ಕ ಕೋಲಿಗೆ ಮೆತ್ತಿದ್ದ ಹಿಟ್ಟನ್ನ ಬೆರಳಲ್ಲಿ ಒರೆಸ್ತಾ ಅಂದಳು.

“ನನ್ನ ಸೀಗೆಗೆ ಅಂದ ಹೂಂ ಇದಕ್ಕಿಂತ ಉದ್ದ ಇತ್ತು ಕಣಮ್ಮಿ.”